ಅನುದಾನ ತಡವಾದರೂ ಒಲೆ ಆರದಿರಲಿ: ವೃದ್ಧಾಶ್ರಮದ ಖರ್ಚು ಹಿಡಿತಕ್ಕೆ ತರುವ ಬಗೆ

"ಹೋದ ವರ್ಷದ ಎರಡನೇ ಕಂತೇ ಇನ್ನೂ ಬಂದಿಲ್ಲ, ಅಡುಗೆಯವರ ಸಂಬಳ ಎಲ್ಲಿಂದ ಕೊಡೋದು ಸಾರ್?" ಮೈಸೂರು, ಮಂಡ್ಯ ಸೀಮೆಯಲ್ಲಿ ವೃದ್ಧಾಶ್ರಮ ನಡೆಸುವ ಟ್ರಸ್ಟು, ಸಂಘಗಳವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಇದೊಂದೇ. ಅನುದಾನ ಸಿಕ್ಕರೂ ತಡ, ಸಿಕ್ಕಿದ್ದು ಸಾಲದು. ಬೇಳೆ, ಎಣ್ಣೆ, ಡಯಾಪರ್ ಬೆಲೆ ಏರಿದ ಹಾಗೆ ಅನುದಾನದ ದರ ಏರುವುದಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. 20ರಿಂದ 50 ಜನ ಹಿರಿಯರಿರುವ, ಅವರಲ್ಲಿ ಕೆಲವರು ಹಾಸಿಗೆ ಹಿಡಿದಿರುವ, ಪೂರ್ತಿ ಉಚಿತವಾಗಿಯೋ ಅರೆಬರೆ ಶುಲ್ಕ ಪಡೆದೋ ನಡೆಯುವ ಆಶ್ರಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅನುದಾನವನ್ನು ಆದಾಯ ಎಂದು ಬಜೆಟ್‌ನಲ್ಲಿ ಬರೆಯಬೇಡಿ. ಯಾವತ್ತೋ ವಸೂಲಾಗುವ ಬಾಕಿ ಎಂದು ಬರೆಯಿರಿ. ಅದು ಬಂದಾಗ ಹಳೇ ಸಾಲ ತೀರಲಿ, ಇಲ್ಲವೇ ಆಪತ್ಕಾಲದ ನಿಧಿಗೆ ಸೇರಲಿ. ನಾಳೆಯ ಉಪ್ಪಿಟ್ಟು ಮಾತ್ರ ಅದನ್ನು ನಂಬಿಕೊಂಡಿರಬಾರದು.

ಶುರು ಮಾಡುವ ಮುಂಚೆ ಒಂದು ಮೇಜಿನ ಮೇಲೆ ಇಷ್ಟನ್ನು ತಂದಿಡಿ: ಕಳೆದ 12 ತಿಂಗಳ ಬ್ಯಾಂಕ್ ಪಾಸ್‌ಬುಕ್, ವೋಚರ್ ಕಟ್ಟು, ಕರೆಂಟ್ ಬಿಲ್ಲುಗಳು, ದಿನಸಿ ಅಂಗಡಿಯ ಬಾಕಿ ಪುಸ್ತಕ, ನಿವಾಸಿಗಳ ಹಾಜರಿ, ಪ್ರತಿಯೊಬ್ಬರ ಆಧಾರ್, ರೇಷನ್ ಕಾರ್ಡ್ ಮತ್ತು ಪಿಂಚಣಿ ಆದೇಶದ ನಕಲು. ಟ್ರಸ್ಟಿನ ಅಧ್ಯಕ್ಷರು, ಲೆಕ್ಕ ಬರೆಯುವವರು, ಅಡುಗೆಯ ಮೇಲ್ವಿಚಾರಣೆ ಮಾಡುವವರು, ಈ ಮೂವರೂ ಕೂರಬೇಕು. ಅಡುಗೆಯವರನ್ನು ಬಿಟ್ಟು ಮಾಡಿದ ಬಜೆಟ್ ಕಾಗದದ ಮೇಲೇ ಉಳಿಯುತ್ತದೆ.

1. ತಲೆಗೆ ದಿನಕ್ಕೆ ಎಷ್ಟು ಬೀಳುತ್ತಿದೆ ಎಂದು ಕಂಡುಕೊಳ್ಳಿ

"ತಿಂಗಳಿಗೆ ಮೂರೂವರೆ ಲಕ್ಷ ಆಗುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಬೇಕಾದ್ದು ಒಬ್ಬ ಹಿರಿಯರಿಗೆ ಒಂದು ದಿನಕ್ಕೆ ತಗಲುವ ಖರ್ಚು.

ಲೆಕ್ಕ ಸುಲಭ. ತಿಂಗಳ ಒಟ್ಟು ಖರ್ಚನ್ನು ಆ ತಿಂಗಳ 'ವ್ಯಕ್ತಿ-ದಿನ'ಗಳಿಂದ ಭಾಗಿಸಿ. ವ್ಯಕ್ತಿ-ದಿನ ಎಂದರೆ ಪ್ರತಿ ರಾತ್ರಿ ಎಷ್ಟು ಜನ ನಿಮ್ಮಲ್ಲಿ ಮಲಗಿದ್ದರೋ ಅಷ್ಟನ್ನೂ ತಿಂಗಳಿಡೀ ಕೂಡಿದ ಮೊತ್ತ. ಉದಾಹರಣೆಗೆ ತಿಂಗಳ ಖರ್ಚು 3,60,000 ರೂಪಾಯಿ ಎಂದಿಟ್ಟುಕೊಳ್ಳಿ. 30 ಹಾಸಿಗೆಯೂ 30 ದಿನ ತುಂಬಿದ್ದರೆ 900 ವ್ಯಕ್ತಿ-ದಿನ, ತಲೆಗೆ 400 ರೂಪಾಯಿ. ಸರಾಸರಿ 26 ಜನ ಮಾತ್ರ ಇದ್ದರೆ 780 ವ್ಯಕ್ತಿ-ದಿನ, ಖರ್ಚು ಅಷ್ಟೇ ಇದ್ದರೆ ತಲೆಗೆ 461 ರೂಪಾಯಿ ದಾಟುತ್ತದೆ. ಬಾಡಿಗೆ, ರಾತ್ರಿ ಆಯಾ, ಜನರೇಟರ್ ಇವೆಲ್ಲ ಹಾಸಿಗೆ ಖಾಲಿ ಇದ್ದರೂ ನಿಲ್ಲುವ ಖರ್ಚಲ್ಲವಲ್ಲ.

ಇದೇ ಅಂಕಿಯನ್ನು ಐದು ಭಾಗ ಮಾಡಿ: ಊಟ, ಸಂಬಳ, ಔಷಧಿ ಮತ್ತು ಶುಶ್ರೂಷೆ, ಕಟ್ಟಡ ಮತ್ತು ಕರೆಂಟ್, ಉಳಿದದ್ದು. ನಡೆದಾಡುವವರದ್ದು, ಹಾಸಿಗೆ ಹಿಡಿದವರದ್ದು ಬೇರೆಬೇರೆ ಬರೆದರೆ ಇನ್ನೂ ಒಳ್ಳೆಯದು. ಎರಡಕ್ಕೂ ಅಜಗಜಾಂತರ.

ಎಡವುವ ಜಾಗ: ದಾನವಾಗಿ ಬಂದ ಅಕ್ಕಿ, ಬೇಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಬಂದ ಸಾಮಾನಿಗೆ ಅಂಗಡಿ ಬೆಲೆ ಕಟ್ಟಿ ಜಮಾ ಕಡೆಯೂ ಖರ್ಚಿನ ಕಡೆಯೂ ಬರೆಯಿರಿ. ಇಲ್ಲದಿದ್ದರೆ ದಾನ ನಿಂತ ತಿಂಗಳು ಬಜೆಟ್ ಯಾಕೆ ಕುಸಿಯಿತು ಎಂಬುದು ಗೊತ್ತಾಗುವುದಿಲ್ಲ.

2. ನಿಂತ ಅನುದಾನ ಯಾಕೆ ನಿಂತಿದೆ ನೋಡಿ

ಹಿರಿಯ ನಾಗರಿಕರ ಗೃಹಗಳಿಗೆ ಕೇಂದ್ರದ ನೆರವು ಈಗ 'ಅಟಲ್ ವಯೋ ಅಭ್ಯುದಯ ಯೋಜನೆ'ಯಡಿ ಬರುತ್ತದೆ. ಅರ್ಜಿ 'ಇ-ಅನುದಾನ್' ಪೋರ್ಟಲ್‌ನಲ್ಲಿ. ರಾಜ್ಯದಲ್ಲಿ ಇದರ ಉಸ್ತುವಾರಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಮೈಸೂರು, ಮಂಡ್ಯ ಎರಡರಲ್ಲೂ ಇಲಾಖೆಯ ಜಿಲ್ಲಾ ಅಧಿಕಾರಿ ಇದ್ದಾರೆ.

ಸರ್ಕಾರದ ಕಡೆಯ ವಿಳಂಬಕ್ಕೆ ನೀವೇನೂ ಮಾಡಲಾಗದು. ಆದರೆ ಅರ್ಧ ವಿಳಂಬ ನಮ್ಮ ಕಡೆಯದ್ದೇ ಇರುತ್ತದೆ. ಇವನ್ನು ಪರೀಕ್ಷಿಸಿ:

ಎನ್‌ಜಿಒ ದರ್ಪಣ್ ನೋಂದಣಿ. ಇದು ನೀತಿ ಆಯೋಗದ ಪೋರ್ಟಲ್‌ನಲ್ಲಿ ಸಂಸ್ಥೆಗೆ ಸಿಗುವ ಗುರುತಿನ ಸಂಖ್ಯೆ. ತೀರಿಕೊಂಡ ಟ್ರಸ್ಟಿಯ ಹೆಸರು ಅಲ್ಲಿ ಇನ್ನೂ ಇದ್ದರೆ, ಪ್ಯಾನ್ ವಿವರ ತಾಳೆಯಾಗದಿದ್ದರೆ ಮೊದಲು ಅದನ್ನು ತಿದ್ದಿಸಿ.

ಬಳಕೆ ಪ್ರಮಾಣಪತ್ರ. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಯಿತು ಎಂದು ಲೆಕ್ಕಪರಿಶೋಧಕರ ರುಜುವಿನೊಂದಿಗೆ ಬರೆದುಕೊಡುವ ಪತ್ರ ಇದು. ಕೇಂದ್ರದ ಅನುದಾನಕ್ಕೆ ಇದರ ನಮೂನೆ ಜಿಎಫ್‌ಆರ್ 12-ಎ. ಹಿಂದಿನ ಕಂತಿನ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ವರ್ಷ ಮುಗಿದ ಮೇಲೆ ಆಡಿಟರ್ ಹತ್ತಿರ ಓಡುವ ಬದಲು ಮೂರು ತಿಂಗಳಿಗೊಮ್ಮೆ ವೋಚರ್ ಕೊಟ್ಟುಬಿಡಿ.

ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ. ಆ ಹಣದ ಮೇಲೆ ಬಂದ ಬಡ್ಡಿ ನಿಮ್ಮದಲ್ಲ, ಕೇಂದ್ರದ ಬೊಕ್ಕಸಕ್ಕೆ ಹಿಂದಿರುಗಿಸಬೇಕು. ಬಡ್ಡಿ ಪುಡಿಗಾಸಾದರೂ ಕಡತ ಅದಕ್ಕೇ ವಾಪಸಾಗಬಹುದು.

ಸಂಘವಾಗಿ ನೋಂದಾಯಿಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿ ವರ್ಷ ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿರಬೇಕು. ವರ್ಷಗಟ್ಟಲೆ ಬಿಟ್ಟಿದ್ದರೆ ದಂಡ ಕಟ್ಟಿ ಸರಿಮಾಡಿಸಿ.

ಎಚ್ಚರಿಕೆ: ದಿನಸಿಗೆಂದು ಬಂದ ಹಣದಲ್ಲಿ ಸಂಬಳ ಕೊಡುವುದು, ಆಮೇಲೆ ಹೊಂದಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಬಾಬ್ತು ಬದಲಿಸಿ ಖರ್ಚು ಮಾಡಿದರೆ ಆಕ್ಷೇಪಣೆ ಗ್ಯಾರಂಟಿ. ಹಾಗೆಯೇ, ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಧರ್ಮಕಾರ್ಯಕ್ಕೆ ಮಾಡಿದ ಖರ್ಚು ಎಂದು ಒಪ್ಪುವುದಿಲ್ಲ. ದಿನಸಿ ಅಂಗಡಿಗೆ ಚೆಕ್ಕೋ ಯುಪಿಐಯೋ ಅಭ್ಯಾಸ ಮಾಡಿಕೊಳ್ಳಿ.

3. ಹಿರಿಯರಿಗೆ ಹಕ್ಕಿನಿಂದ ಬರಬೇಕಾದ್ದನ್ನು ಕೊಡಿಸಿ

ಸಂಸ್ಥೆಗೆ ಬರುವ ಹಣ ಕುಗ್ಗಿದರೂ ವ್ಯಕ್ತಿಗೆ ಸಿಗುವ ಸವಲತ್ತುಗಳು ಇದ್ದೇ ಇವೆ. ಹೆಚ್ಚಿನ ಆಶ್ರಮಗಳು ಇದನ್ನು ಅರ್ಧಕ್ಕೇ ಬಿಟ್ಟಿರುತ್ತವೆ. ನನ್ನ ಪ್ರಕಾರ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಇರುವುದು ಇಲ್ಲೇ.

ಪ್ರತಿಯೊಬ್ಬರಿಗೂ ಒಂದು ಫೈಲ್ ಮಾಡಿ. ಮೊದಲ ಹಾಳೆಯಲ್ಲಿ ನಾಲ್ಕು ಪ್ರಶ್ನೆ: ಪಿಂಚಣಿ ಬರುತ್ತಿದೆಯೇ? ಯಾವ ಖಾತೆಗೆ? ರೇಷನ್ ಕಾರ್ಡ್ ಯಾವ ಬಗೆಯದು, ಅದರಲ್ಲಿ ಹೆಸರಿದೆಯೇ? ಮಕ್ಕಳು ಇದ್ದಾರೆಯೇ?

ಪಿಂಚಣಿ: 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ. ಇಲ್ಲಿ ಪದೇ ಪದೇ ಕಾಣುವ ತೊಂದರೆ ಎಂದರೆ, ಪಿಂಚಣಿ ಮಂಜೂರಾಗಿರುತ್ತದೆ, ಪಾಸ್‌ಬುಕ್ ಮಾತ್ರ ಊರಲ್ಲಿ ಮಗನ ಬೀರುವಿನಲ್ಲಿರುತ್ತದೆ. ಆಧಾರ್ ಮೂಲಕ ಬರುವ ಹಣ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಅಜ್ಜಿಯ ಹೆಸರಲ್ಲಿ ಹತ್ತಿರದ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹೊಸ ಖಾತೆ ತೆರೆಸಿ, ಆಧಾರ್ ಜೋಡಣೆ ಮಾಡಿಸಿದರೆ ದಾರಿ ಸಲೀಸು.

ಆದರೆ ಆ 1,200 ಅವರ ದುಡ್ಡು, ಆಶ್ರಮದ್ದಲ್ಲ. ಒಂದು ಭಾಗ ಊಟದ ಖರ್ಚಿಗೆ ಎಂದು ತೆಗೆದುಕೊಳ್ಳುವುದಾದರೆ ಬರವಣಿಗೆಯಲ್ಲಿ ಒಪ್ಪಿಗೆ ಇರಲಿ, ರಸೀದಿ ಕೊಡಿ, ಎಲೆಅಡಿಕೆಗೆ ಮೊಮ್ಮಕ್ಕಳಿಗೆ ಎಂದು ಅವರ ಕೈಯಲ್ಲೂ ಒಂದಿಷ್ಟು ಉಳಿಸಿ. ಎಲ್ಲರ ಎಟಿಎಂ ಕಾರ್ಡನ್ನು ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದ್ದರೆ ಇವತ್ತೇ ಬಿಡಿ.

ಆಸ್ಪತ್ರೆ ಖರ್ಚು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ) ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಕಾರ್ಡು ಮೊದಲೇ ಮಾಡಿಸಿಡಿ. ಸೊಂಟದ ಮೂಳೆ ಮುರಿದ ರಾತ್ರಿ ಕಾರ್ಡು ಹುಡುಕಬಾರದು. ತುರ್ತಲ್ಲದ ಚಿಕಿತ್ಸೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ಅನ್ವಯಿಸದೆ ಹೋಗಬಹುದು. ಮೊದಲು ಸರ್ಕಾರಿ ಆಸ್ಪತ್ರೆಗೆ, ಅಂದರೆ ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಮುಂದಕ್ಕೆ.

ಸಾಧನಗಳು: ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ, ಶ್ರವಣಯಂತ್ರಗಳನ್ನು ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಕೊಡುತ್ತಾರೆ. ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೂ ಸಿಗುತ್ತದೆ. ಜಿಲ್ಲಾ ಕಚೇರಿಯಲ್ಲಿ ಹೆಸರು ಬರೆಸಿಟ್ಟಿರಿ. ಕಿವಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮಕ್ಕಳ ಹೊಣೆ: ಅನುಕೂಲಸ್ಥ ಮಕ್ಕಳಿದ್ದೂ ಬಿಟ್ಟುಹೋಗಿದ್ದರೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಅರ್ಜಿ ಉಪವಿಭಾಗಾಧಿಕಾರಿ ಮುಂದೆ: ಮೈಸೂರು ಜಿಲ್ಲೆಯಲ್ಲಿ ಮೈಸೂರು ಅಥವಾ ಹುಣಸೂರು, ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಅಥವಾ ಪಾಂಡವಪುರ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಅಧಿಕಾರ ಕೊಟ್ಟ ಸಂಸ್ಥೆಯೂ ಅವರ ಪರವಾಗಿ ಅರ್ಜಿ ಹಾಕಬಹುದು. ಎಷ್ಟೋ ಸಲ ಮಗನಿಗೆ "ಹೀಗೊಂದು ಕಾಯ್ದೆ ಇದೆಯಪ್ಪ" ಎಂದು ಕೂರಿಸಿಕೊಂಡು ಹೇಳಿದರೇ ಸಾಕಾಗುತ್ತದೆ. ಯಾವುದಕ್ಕೂ ಹಿರಿಯರ ಇಷ್ಟ ಕೇಳದೆ ಮುಂದುವರಿಯಬೇಡಿ. "ಬೇಡ ಬಿಡಿ, ಅವನ ಮರ್ಯಾದೆ ಹೋಗೋದು ಬೇಡ" ಎನ್ನುವ ತಾಯಂದಿರೇ ಜಾಸ್ತಿ.

4. ಔಷಧಿ, ಡಯಾಪರ್, ಹಾಸಿಗೆ ಹುಣ್ಣು

ಔಷಧಿಯಿಂದ ಶುರು ಮಾಡಿ. ಪ್ರತಿಯೊಬ್ಬರೂ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಬರೆದು ಆರು ತಿಂಗಳಿಗೊಮ್ಮೆ ಒಬ್ಬ ವೈದ್ಯರಿಗೆ ತೋರಿಸಿ, "ಇದರಲ್ಲಿ ಯಾವುದು ನಿಲ್ಲಿಸಬಹುದು ಡಾಕ್ಟ್ರೇ?" ಎಂದೇ ಕೇಳಿ. ಮೂರು ಆಸ್ಪತ್ರೆ ಸುತ್ತಿ ಬಂದವರಿಗೆ ಒಂದೇ ಔಷಧಿ ಎರಡು ಕಂಪನಿ ಹೆಸರಲ್ಲಿ ನಡೆಯುತ್ತಿರುವುದು ಅಪರೂಪವಲ್ಲ. ನೀವಾಗಿಯೇ ಮಾತ್ರ ಏನನ್ನೂ ನಿಲ್ಲಿಸಬೇಡಿ.

ಬಿಪಿ, ಶುಗರ್ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರದಲ್ಲಾದರೆ ಸರ್ಕಾರದ ನಮ್ಮ ಕ್ಲಿನಿಕ್‌ನಲ್ಲಿ ಉಚಿತ. ತಿಂಗಳಿಗೊಮ್ಮೆ ಎಲ್ಲರ ಚೀಟಿ ಒಟ್ಟುಮಾಡಿಕೊಂಡು ಹೋಗಿ ಬನ್ನಿ. ಅಲ್ಲಿ ಸಿಗದ್ದಕ್ಕೆ ಜನೌಷಧಿ ಮಳಿಗೆ. ಔಷಧಿಯ ಮೂಲ ಹೆಸರಿನಲ್ಲಿ, ಅಂದರೆ ಕಂಪನಿ ಇಟ್ಟ ಹೆಸರಿನಲ್ಲಲ್ಲದೆ ಒಳಗಿರುವ ಮದ್ದಿನ ಹೆಸರಿನಲ್ಲಿ ಬರೆದುಕೊಡಲು ವೈದ್ಯರನ್ನು ಕೇಳಿಕೊಳ್ಳಿ. ಆಗ ಬ್ರಾಂಡ್ ಬೆಲೆಗಿಂತ ಅರ್ಧಕ್ಕೂ ಕಡಿಮೆಗೆ ಸಿಗುವುದು ಸಾಮಾನ್ಯ.

ಡಯಾಪರ್ ವಿಷಯಕ್ಕೆ ಬರೋಣ. ಒಂದಕ್ಕೆ 30 ರೂಪಾಯಿ, ದಿನಕ್ಕೆ 3 ಎಂದಿಟ್ಟುಕೊಂಡರೂ ಒಬ್ಬರಿಗೆ ತಿಂಗಳಿಗೆ 2,700 ರೂಪಾಯಿ. ಎಂಟು ಜನ ಇದ್ದರೆ 21,600. ಇಲ್ಲಿ ಉಳಿಸುವ ದಾರಿ ಎಂದು ಕೆಲವರು ಒದ್ದೆಯಾದದ್ದನ್ನೇ ಇನ್ನೆರಡು ಗಂಟೆ ಬಿಡುತ್ತಾರೆ. ಅದು ಅಮಾನವೀಯ, ಸಾಲದ್ದಕ್ಕೆ ದುಬಾರಿ: ಚರ್ಮ ಕಿತ್ತುಬಂದರೆ ಡ್ರೆಸ್ಸಿಂಗ್ ಖರ್ಚು ಡಯಾಪರಿನ ಹಲವು ಪಟ್ಟು.

ನಿಜವಾಗಿ ಉಳಿಯುವುದು ಹೀಗೆ. ಡಯಾಪರ್ ಹಾಕಿದ ಪ್ರತಿಯೊಬ್ಬರಿಗೂ ಮಂಚದ ತಲೆಭಾಗಕ್ಕೆ ಒಂದು ಹಾಳೆ ಕಟ್ಟಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎರಡೆರಡು ಗಂಟೆಯ ಮನೆ ಗೀಚಿ, ಒದ್ದೆಯಿತ್ತೋ ಒಣಗಿತ್ತೋ ಎಂದು ಆಯಾ ಗುರುತು ಹಾಕಲಿ. ವಾರದಲ್ಲಿ ಒಂದು ವರಸೆ ಕಾಣುತ್ತದೆ: ಕಾಫಿಯಾದ ಮುಕ್ಕಾಲು ಗಂಟೆಗೆ, ಮಧ್ಯಾಹ್ನ ಊಟವಾದ ಮೇಲೆ, ಹೀಗೆ. ಆ ಹೊತ್ತಿಗೆ ಸ್ವಲ್ಪ ಮುಂಚೆ ಹಿಡಿದು ಎಬ್ಬಿಸಿ ಶೌಚಾಲಯಕ್ಕೋ ಕಮೋಡ್ ಕುರ್ಚಿಗೋ ಕೂರಿಸಿ. ಎದ್ದು ಕೂರಬಲ್ಲವರಲ್ಲಿ ಹಲವರಿಗೆ ಹಗಲು ಡಯಾಪರ್ ಬೇಕಾಗುವುದೇ ಇಲ್ಲ. ಸುಮ್ಮನೆ ಕೆಲಸ ಕಡಿಮೆಯಾಗಲಿ ಎಂದು ಹಾಕಿರುತ್ತಾರೆ.

ಹಾಸಿಗೆ ಹುಣ್ಣು ಬಾರದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದಕ್ಕೆ ದುಡ್ಡು ಬೇಡ, ರಾತ್ರಿ ಎಚ್ಚರವಿರುವ ಆಳು ಬೇಕು. ಗಾಳಿ ಹಾಸಿಗೆಯನ್ನು ದಾನಿಗಳಿಂದ ಕೇಳಿ ಪಡೆಯಿರಿ. ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ: ಈ ಮೂರಕ್ಕೆ ಆಗುವ ಖರ್ಚು ಒಂದು ಸೊಂಟದ ಆಪರೇಷನ್ ಮುಂದೆ ಏನೂ ಅಲ್ಲ.

5. ಅಡುಗೆಮನೆ

ಒಂದು ವಾರ ಎಂಜಲು ಬಕೆಟ್ಟನ್ನು ತೂಕಕ್ಕೆ ಹಾಕಿ. ಯಾವ ಹೊತ್ತು, ಯಾವ ಅಡುಗೆ, ಎಷ್ಟು ಕೆ.ಜಿ. ಎಂದು ಬರೆಯಿರಿ. ರಾತ್ರಿಯ ಅನ್ನವೇ ಹೆಚ್ಚು ಉಳಿದಿರುತ್ತದೆ. ಹಲ್ಲಿಲ್ಲದವರಿಗೆ ಗಟ್ಟಿ ಚಪಾತಿ ಮಾಡಿ ಕೊಟ್ಟು, ಅದು ಕಸಕ್ಕೆ ಹೋಗುತ್ತಿರುತ್ತದೆ. ನಮ್ಮ ಕಡೆಯ ಹಿರಿಯರಿಗೆ ಮೆತ್ತನೆಯ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಸಾಕು. ಖರ್ಚೂ ಕಡಿಮೆ, ತಟ್ಟೆಯೂ ಖಾಲಿಯಾಗುತ್ತದೆ.

ಅಕ್ಕಿ, ಬೇಳೆ, ರಾಗಿಯನ್ನು ಎರಡು ತಿಂಗಳಿಗಾಗುವಷ್ಟು ಮೈಸೂರಿನವರು ಬಂಡಿಪಾಳ್ಯದ ಎಪಿಎಂಸಿಯಿಂದ ಸಗಟಾಗಿ ತರಬಹುದು. ಎರಡು ಮೂರು ಆಶ್ರಮಗಳು ಸೇರಿ ಒಂದೇ ಗಾಡಿ ಮಾಡಿಕೊಂಡರೆ ಸಾಗಣೆ ಹಂಚಿಹೋಗುತ್ತದೆ. ಎಣ್ಣೆಯನ್ನು ಮಾತ್ರ ಹೆಚ್ಚು ಕೂಡಿಡಬೇಡಿ. ಡಬ್ಬಿ ತುಂಬಿದ್ದಷ್ಟೂ ಬಾಣಲೆಗೆ ಸುರಿಯುವ ಕೈ ಧಾರಾಳವಾಗುತ್ತದೆ.

ಮಂಡ್ಯದವರಿಗೆ ಇನ್ನೊಂದು ಅನುಕೂಲ ಇದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿಗಳಲ್ಲಿ ಸುಗ್ಗಿ ಹೊತ್ತಿಗೆ ದುಡ್ಡು ಕೇಳಿದರೆ ಕೊಡದವರು ಒಂದು ಮೂಟೆ ಭತ್ತ ಕೇಳಿದರೆ ಇಲ್ಲ ಎನ್ನುವುದಿಲ್ಲ. ಕ್ವಿಂಟಾಲ್ ಭತ್ತಕ್ಕೆ ಸುಮಾರು 65 ಕೆ.ಜಿ. ಅಕ್ಕಿ ಎಂದು ಲೆಕ್ಕ ಇಟ್ಟುಕೊಳ್ಳಿ. ಮಿಲ್ಲಿನವರನ್ನೂ ದಾನಿ ಮಾಡಿಕೊಂಡರೆ ಗಿರಣಿ ಕೂಲಿಯೂ ಉಳಿಯುತ್ತದೆ. ಭತ್ತವಾಗಿಯೇ ಇಟ್ಟು ಬೇಕಾದಾಗ ಮಿಲ್ಲಿಗೆ ಹಾಕಿಸಿಕೊಳ್ಳಿ, ಅಕ್ಕಿ ಮಾಡಿಟ್ಟರೆ ಹುಳ.

ಕಲ್ಯಾಣ ಸಂಸ್ಥೆಗಳಿಗೆ ಪಡಿತರ ಧಾನ್ಯ ಹಂಚಿಕೆಯ ಅವಕಾಶದ ಬಗ್ಗೆ ಜಿಲ್ಲೆಯ ಆಹಾರ ಇಲಾಖೆ ಉಪನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಮಂಜೂರಾದರೂ ಬಜೆಟ್‌ನಲ್ಲಿ ಅದನ್ನೇ ನೆಚ್ಚಬೇಡಿ.

ಅನ್ನದಾನದ ದಿನಗಳನ್ನು ನೀವೇ ಹಿಡಿತದಲ್ಲಿಡಬೇಕು. ಭಾನುವಾರ ಎರಡು ಹುಟ್ಟುಹಬ್ಬ, ಹೋಳಿಗೆ, ಪಾಯಸ. ಮಂಗಳವಾರ ಏನೂ ಇಲ್ಲ. ಪಿತೃಪಕ್ಷದಲ್ಲಿ ದಿನವೂ ವಡೆ, ಮುಂದಿನ ತಿಂಗಳು ಬರಿದು. ಶುಗರ್ ಇರುವವರು ಸೋಮವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ಒಂದು ಕ್ಯಾಲೆಂಡರ್ ತೂಗುಹಾಕಿ, ದಿನಕ್ಕೆ ಒಬ್ಬ ದಾನಿ ಎಂದು ನಿಯಮ ಮಾಡಿ, ಊಟದ ಪಟ್ಟಿಯನ್ನು ನೀವೇ ಕೊಡಿ. "ಆ ದಿನ ಬುಕ್ ಆಗಿದೆ, ಬುಧವಾರ ಆಗಬಹುದಾ?" ಎಂದರೆ ಮುಕ್ಕಾಲು ಜನ ಒಪ್ಪುತ್ತಾರೆ. ಹೊರಗೆ ಮಾಡಿಸಿ ತಂದ ಊಟಕ್ಕಿಂತ ನಿಮ್ಮ ಅಡುಗೆಮನೆಯಲ್ಲೇ ಮಾಡಿಸುವಂತೆ ಕೇಳಿ.

6. ಕರೆಂಟ್ ಮತ್ತು ಗ್ಯಾಸ್

ಸೆಸ್ಕ್ (ನಮ್ಮ ಕಡೆಗೆ ಕರೆಂಟ್ ಕೊಡುವ ಕಂಪನಿ) ಬಿಲ್ಲಿನಲ್ಲಿ ದರದ ವರ್ಗ ಯಾವುದು ಎಂದು ಇವತ್ತೇ ನೋಡಿ. ವೃದ್ಧರು, ಅನಾಥರು, ವಿಕಲಚೇತನರಿಗಾಗಿ ಇರುವ ವಸತಿಗಳನ್ನು ಕೆಇಆರ್‌ಸಿ, ಅಂದರೆ ಕರೆಂಟ್ ದರ ಗೊತ್ತುಮಾಡುವ ರಾಜ್ಯದ ಆಯೋಗದ ದರಪಟ್ಟಿ ಗೃಹಬಳಕೆ ವರ್ಗದಲ್ಲಿ ಸೇರಿಸುತ್ತ ಬಂದಿದೆ. ಹಿಂದೆ ಅಂಗಡಿಯೋ ಕಚೇರಿಯೋ ಆಗಿದ್ದ ಕಟ್ಟಡವನ್ನು ಬಾಡಿಗೆಗೆ ಹಿಡಿದವರು ವಾಣಿಜ್ಯ ದರದಲ್ಲೇ ಕಟ್ಟುತ್ತಿರುವುದುಂಟು. ನೋಂದಣಿ ಪತ್ರ, ನಿವಾಸಿಗಳ ಪಟ್ಟಿ ಲಗತ್ತಿಸಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ವರ್ಗ ಬದಲಾವಣೆಯ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸ್ನಾನದ ನೀರಿಗೆ ಗೀಸರ್ ಬದಲು ಸೋಲಾರ್ ವಾಟರ್ ಹೀಟರ್ ಇರಲಿ.

ಗ್ಯಾಸ್: ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಯಾರದೋ ಹೆಸರಲ್ಲಿ ತಂದು ಆಶ್ರಮದಲ್ಲಿ ಉರಿಸಬೇಡಿ, ಅದು ಅಪರಾಧ. ವಾಣಿಜ್ಯ ಸಿಲಿಂಡರಿಗೆ ಶೇ. 18 ಜಿಎಸ್‌ಟಿ ಇದೆ. ತೈಲ ಕಂಪನಿಗಳಲ್ಲಿ 'ಗೃಹೇತರ ವಿನಾಯಿತಿ ವರ್ಗ' ಎಂಬುದೊಂದಿದೆ, ಅದಕ್ಕೆ ಶೇ. 5. ನಿಮ್ಮ ಸಂಸ್ಥೆಗೆ ಆ ವರ್ಗ ಸಿಗುತ್ತದೆಯೇ ಎಂದು ವಿತರಕರ ಮೂಲಕ ಕಂಪನಿಗೆ ಬರೆದು ಕೇಳಿ.

7. ಸಂಬಳದಲ್ಲಿ ಕೈ ಹಾಕುವ ಮುಂಚೆ

ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ರಾತ್ರಿ ಆಯಾಗೆ. ದಯವಿಟ್ಟು ಬೇಡ. ಬೀಳುವುದು, ಉಸಿರು ಕಟ್ಟುವುದು, ಗೇಟು ದಾಟಿ ಹೋಗುವುದು ಎಲ್ಲ ರಾತ್ರಿಯೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದು ಕಾನೂನುಬಾಹಿರವಂತೂ ಹೌದು, ಅದಕ್ಕಿಂತ ಮುಖ್ಯವಾಗಿ, ಆಯಾ ಬಿಟ್ಟುಹೋದರೆ ಹೊಸಬರಿಗೆ ಒಬ್ಬೊಬ್ಬ ಹಿರಿಯರ ಸ್ವಭಾವ ಗೊತ್ತಾಗಲು ತಿಂಗಳುಗಳೇ ಬೇಕು. ಪಾಳಿ ಹೊಂದಿಸಿ: ಬೆಳಿಗ್ಗೆ 6ರಿಂದ 10ರವರೆಗೆ ಕೈ ಹೆಚ್ಚು ಬೇಕು, ಮಧ್ಯಾಹ್ನ 2ರ ಮೇಲೆ ಕಡಿಮೆ ಸಾಕು. ಪೂರ್ತಿ ದಿನದ ಇಬ್ಬರ ಬದಲು ಬೆಳಗಿನ ಹೊತ್ತಿಗೆ ಅರೆಕಾಲಿಕರೊಬ್ಬರು ಸಿಕ್ಕರೂ ಹೊರೆ ಇಳಿಯುತ್ತದೆ.

ಮೈಸೂರು, ಮಂಡ್ಯದಲ್ಲಿ ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಿವೆ. ಪ್ರಾಂಶುಪಾಲರಿಗೆ ಬರೆದು ವಿದ್ಯಾರ್ಥಿಗಳ ಸಮುದಾಯ ತರಬೇತಿಗೆ ನಿಮ್ಮ ಜಾಗ ಕೊಡಿ. ಅಧ್ಯಾಪಕರು ಜೊತೆಗಿರಬೇಕು. ಅವರನ್ನು ಸಿಬ್ಬಂದಿಯ ಬದಲಿಗೆ ಎಣಿಸಬೇಡಿ, ಪರೀಕ್ಷೆ ಬಂದರೆ ಮಾಯವಾಗುತ್ತಾರೆ.

8. ಶುಲ್ಕ ಕಟ್ಟಬಲ್ಲವರಿಗೆ ಕೆಲವು ಹಾಸಿಗೆ

"ಸೇವೆ ಅಂತ ಶುರು ಮಾಡಿ ದುಡ್ಡು ತಗೊಳ್ಳೋದಾ?" ಎಂಬ ಮುಜುಗರ ಹಲವರಿಗಿದೆ. ಹತ್ತು ಹಾಸಿಗೆಯ ಶುಲ್ಕ ಇಪ್ಪತ್ತು ಜನರ ಊಟ ನಡೆಸುತ್ತದೆ ಎಂದಾದರೆ ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಒಂದನೇ ಹಂತದಲ್ಲಿ ಸಿಕ್ಕ ಅಂಕಿಯೇ ಇಲ್ಲಿ ಆಧಾರ. ತಲೆಗೆ ದಿನಕ್ಕೆ 400 ಬಿದ್ದರೆ ತಿಂಗಳಿಗೆ 12,000. ಅದಕ್ಕಿಂತ ಕಡಿಮೆ ಶುಲ್ಕ ಇಟ್ಟರೆ, ಬಡವರಿಗೆಂದು ಬಂದ ದಾನದಿಂದ ಉಳ್ಳವರನ್ನು ಸಾಕಿದಂತಾಗುತ್ತದೆ.

ಜಿಎಸ್‌ಟಿ ವಿಷಯ: ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿತರಾಗಿದ್ದು, 60 ವರ್ಷ ದಾಟಿದ ನಿವಾಸಿಯಿಂದ ತಿಂಗಳಿಗೆ 25,000 ರೂಪಾಯಿವರೆಗೆ ಪಡೆದರೆ ವಿನಾಯಿತಿ. ಆ ಮೊತ್ತ ಊಟ, ವಸತಿ, ನಿರ್ವಹಣೆ ಎಲ್ಲವನ್ನೂ ಒಳಗೊಂಡಿರಬೇಕು. ಶುಲ್ಕ 24,000, ಮೇಲೆ 'ನಿರ್ವಹಣೆ' ಎಂದು ಬೇರೆ ಬಿಲ್ಲು 4,000 ಎಂದು ಒಡೆದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಸೇರುವಾಗಲೇ ಒಪ್ಪಂದ ಬರೆದುಕೊಳ್ಳಿ: ಶುಲ್ಕ ವರ್ಷಕ್ಕೊಮ್ಮೆ ಪರಿಷ್ಕರಣೆ, ಆಸ್ಪತ್ರೆಗೆ ಸೇರಿಸಿದರೆ ಜೊತೆಗಿರುವವರು ಯಾರು, ತೀರಿಕೊಂಡರೆ ಯಾರಿಗೆ ತಿಳಿಸಬೇಕು, ಠೇವಣಿ ಎಷ್ಟು ದಿನದಲ್ಲಿ ವಾಪಸ್. ಠೇವಣಿ ಹಣವನ್ನು ದಿನದ ಖರ್ಚಿಗೆ ಮುಟ್ಟಬೇಡಿ. ನಿವಾಸಿಗಳ ಮನೆ, ಸೈಟನ್ನು ಆಶ್ರಮದ ಹೆಸರಿಗೆ ಬರೆಸಿಕೊಳ್ಳುವ ಯೋಚನೆಯನ್ನೂ ಬಿಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯ 23ನೇ ಸೆಕ್ಷನ್ ಅಡಿ ರದ್ದು ಮಾಡಿಸಬಹುದು. ಕಾನೂನು ಒತ್ತಟ್ಟಿಗಿರಲಿ, ಊರಿನ ಬಾಯಿಗೆ ಬಿದ್ದರೆ ಇದ್ದ ದಾನಿಗಳೂ ದೂರವಾಗುತ್ತಾರೆ.

9. ದಾನ ಮತ್ತು ಕಂಪನಿಗಳ ಹಣ

ದಾನಿಗೆ "ಸಹಾಯ ಮಾಡಿ" ಎನ್ನಬೇಡಿ. ಅಂಕಿ ಹೇಳಿ: "ಒಬ್ಬರಿಗೆ ಒಂದು ದಿನಕ್ಕೆ 400, ಎಲ್ಲರಿಗೂ ಒಂದು ದಿನಕ್ಕೆ 12,000." ತಿಂಗಳಿಗೆ 500 ರೂಪಾಯಿಯನ್ನು ಬ್ಯಾಂಕಿನಿಂದ ತಾನಾಗಿ ಕಳಿಸುವ 200 ಜನರಿದ್ದರೆ ತಿಂಗಳಿಗೆ ಒಂದು ಲಕ್ಷ, ಅದರ ಮೇಲೆ ಬಜೆಟ್ ಕಟ್ಟಬಹುದು. ವರ್ಷಕ್ಕೊಮ್ಮೆ ಬರುವ ಒಬ್ಬ ದೊಡ್ಡ ದಾನಿಯ ಮೇಲೆ ಕಟ್ಟಲಾಗದು. ಹಳೇ ಸೀರೆ, ಪಂಚೆಯ ಗಂಟುಗಳಿಗೆ ವಿನಯದಿಂದ ಬೇಡ ಎನ್ನಿ. ಬೇಕಾದ ಸಾಮಾನಿನ ಪಟ್ಟಿ ಗೇಟಿನ ಬಳಿ ಅಂಟಿಸಿ.

ತೆರಿಗೆ ವಿನಾಯಿತಿ: ಆದಾಯ ತೆರಿಗೆಯ 80ಜಿ ನೋಂದಣಿ ಇದ್ದರೆ ದಾನಿಗೆ ತಾನು ಕೊಟ್ಟ ಮೊತ್ತದ ಅರ್ಧಕ್ಕೆ, ಮಿತಿಗೊಳಪಟ್ಟು, ರಿಯಾಯಿತಿ. 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೂ ಇಲ್ಲ. ಆದ್ದರಿಂದ ಅದನ್ನೇ ದೊಡ್ಡದಾಗಿ ಬೋರ್ಡಿನಲ್ಲಿ ಹಾಕಿಕೊಂಡು ಈಗ ಹೆಚ್ಚು ಪ್ರಯೋಜನವಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಸೆಕ್ಷನ್, ಫಾರಂಗಳ ಸಂಖ್ಯೆ ಬದಲಾಗುವುದರಿಂದ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆ ಆಡಿಟರನ್ನು ಕೇಳಿ.

ಹೊರದೇಶದ ಹಣದಲ್ಲಿ ಜಾಗ್ರತೆ. ಮೈಸೂರಿನ ಕುವೆಂಪುನಗರದ ಮನೆಮನೆಯಲ್ಲೂ ಅಮೆರಿಕದಲ್ಲಿ ಮಕ್ಕಳಿದ್ದಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ ಆಗುತ್ತದೆ, ಅವರ ಹತ್ತಿರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಸರಿ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕೇ ಬೇಕು. ಹಣ ತೆಗೆದುಕೊಳ್ಳುವ ಮುಂಚೆ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ, ಪ್ರತಿ ಇಟ್ಟುಕೊಳ್ಳಿ.

ಸಿಎಸ್‌ಆರ್, ಅಂದರೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ವೃದ್ಧಾಶ್ರಮದ ಹೆಸರೇ ಇದೆ. ಹಣ ಪಡೆಯಲು ನಿಮ್ಮ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಾಯಿಸಿರಬೇಕು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು, ಮದ್ದೂರಿನ ಕೈಗಾರಿಕಾ ಪ್ರದೇಶಗಳ ಕಂಪನಿಗಳಿಗೆ ಹೋಗುವಾಗ ಸಂಬಳಕ್ಕೆ ಕೇಳಬೇಡಿ, ಬಹುತೇಕ ಒಪ್ಪುವುದಿಲ್ಲ. ತಿಂಗಳ ಖರ್ಚನ್ನು ಶಾಶ್ವತವಾಗಿ ಇಳಿಸುವ ವಸ್ತು ಕೇಳಿ: ಸೋಲಾರ್ ಹೀಟರ್, ದೊಡ್ಡ ವಾಷಿಂಗ್ ಮಷಿನ್, ಬಚ್ಚಲ ಹಿಡಿಕೆಗಳು, ಗಾಳಿ ಹಾಸಿಗೆ. ಎರಡು ಪುಟದ ಮನವಿ, ಮೂರು ಕೊಟೇಶನ್, ಕಳೆದ ವರ್ಷದ ಆಡಿಟ್ ವರದಿ ಸಾಕು. ಸ್ಪೈರಲ್ ಬೈಂಡಿಂಗ್ ಮಾಡಿಸಿದ ಐವತ್ತು ಪುಟ ಯಾರೂ ಓದುವುದಿಲ್ಲ.

ಇಲ್ಲೆಲ್ಲ ಉಳಿದ ಹಣದಿಂದ ಮೂರು ತಿಂಗಳ ಖರ್ಚಿನಷ್ಟು ನಿಧಿ ಮಾಡಿ. ನಮ್ಮ ಉದಾಹರಣೆಯಲ್ಲಿ ಅದು 10,80,000 ರೂಪಾಯಿ. ಒಂದೇ ವರ್ಷದಲ್ಲಿ ಆಗದು, ತಡವಾಗಿ ಬಂದ ಅನುದಾನವನ್ನು ಅಲ್ಲಿಗೆ ತುಂಬುತ್ತಾ ಬಂದರೆ ಎರಡು ಮೂರು ವರ್ಷಕ್ಕೆ ಆಗುತ್ತದೆ. ಆಶ್ರಮ ಮೊದಲು ಕೈಯಿಂದ ಹಾಕಿ ನಡೆಸಿದ ಖರ್ಚಿಗೆ ಅನುದಾನ ಮರುಭರ್ತಿಯಾಗಿ ಬಂದಾಗ ಮಾತ್ರ ಹೀಗೆ ಮಾಡಲು ಸಾಧ್ಯ. ಖರ್ಚಾಗದ ಅನುದಾನವನ್ನು ನಿಧಿಗೆ ಹಾಕುವಂತಿಲ್ಲ.

10. ಏನು ಮಾಡಿದರೂ ಕೂಡಿಬರದಿದ್ದರೆ

ಒಂಬತ್ತು ಹಂತ ಮುಗಿಸಿ ಆರು ತಿಂಗಳಾದ ಮೇಲೂ ತಿಂಗಳ ಕೊರತೆ ಹಾಗೇ ಇದ್ದರೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿ. ಹತ್ತಿರದ ಇನ್ನೊಂದು ಆಶ್ರಮದ ಜೊತೆ ಅಡುಗೆ, ಲೆಕ್ಕಪತ್ರ, ನರ್ಸ್ ಹಂಚಿಕೊಳ್ಳುವ ಮಾತಾಡಿ. ಅದೂ ಆಗದಿದ್ದರೆ ಮುಚ್ಚುವ ತೀರ್ಮಾನವನ್ನು ಕೈಯಲ್ಲಿ ಇನ್ನೂ ಮೂರು ತಿಂಗಳ ಹಣ ಇರುವಾಗಲೇ ಮಾಡಿ, ಅಂಗಡಿಯವನು ದಿನಸಿ ನಿಲ್ಲಿಸಿದ ಮೇಲಲ್ಲ. ಹಿರಿಯ ನಾಗರಿಕರ ಇಲಾಖೆಯ ಜಿಲ್ಲಾ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಎಲ್ಲಿ ಹಾಸಿಗೆ ಖಾಲಿ ಇದೆ ಎಂದು ಅವರಿಂದ ಪಟ್ಟಿ ಪಡೆಯಿರಿ. ಹಿರಿಯರ ಸಹಾಯವಾಣಿ 14567ರಲ್ಲೂ ವಿಚಾರಿಸಬಹುದು.

ಹೊಸ ಜಾಗವನ್ನು ಹಿರಿಯರಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಜೊತೆಗಿದ್ದ ಇಬ್ಬರನ್ನು ಆದಷ್ಟೂ ಬೇರೆ ಮಾಡಬೇಡಿ. ಕಳಿಸುವ ದಿನ ಪ್ರತಿಯೊಬ್ಬರ ಫೈಲ್ ಅವರ ಜೊತೆಯೇ ಹೋಗಬೇಕು: ಮಾತ್ರೆ ಪಟ್ಟಿ ಮತ್ತು ಹದಿನೈದು ದಿನದ ಮಾತ್ರೆ, ಪಾಸ್‌ಬುಕ್, ಆಧಾರ್, ಆಯುಷ್ಮಾನ್ ಕಾರ್ಡ್, ಠೇವಣಿ ಇದ್ದರೆ ಅದರ ಚೆಕ್ಕು. ಪಡೆದುಕೊಂಡವರ ರುಜು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಪಿಂಚಣಿಯ ವಿಳಾಸ ಬದಲಾವಣೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕುವ ಕೆಲಸ ನಿಮ್ಮದೇ, ಹೊಸ ಆಶ್ರಮದವರ ಮೇಲೆ ಬಿಡಬೇಡಿ.